ಬೂದು, ತಾಮ್ರ, ಆಮೇಲೆ ಕೆಂಪು: ಕಾಕಾನ ಹಳೆಯ ಫರ್ಗ್ಯುಸನ್ನಿನ ಬಣ್ಣ ಓದಿದ್ದು

ನಮ್ಮ ಕಡೆ ಟ್ರ್ಯಾಕ್ಟರುಗಳಲ್ಲಿ ಮ್ಯಾಸಿ, ಅಂದರೆ ಮ್ಯಾಸಿ ಫರ್ಗ್ಯುಸನ್, ಕೆಂಪು, ಫೋರ್ಡ್ ಅಂದರೆ ನೀಲಿ. ಕಬ್ಬಿನ ಹಂಗಾಮಿನಲ್ಲಿ ಮುಧೋಳ–ಜಮಖಂಡಿ ರಸ್ತೆಗೆ ಹೋಗಿ ನಿಂತರೆ ಸಣ್ಣ ಹುಡುಗರೂ ದೂರದಿಂದ ಬಣ್ಣ ನೋಡಿಯೇ ಯಾವ ಕಂಪನಿಯ ಗಾಡಿ ಬರುತ್ತಿದೆ ಎಂದು ಹೇಳಿಬಿಡುತ್ತಾರೆ. ಹೀಗಿರುವಾಗ ಮಹಾಲಿಂಗಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಕಾಕಾನ ಹಳೆಯ ಫರ್ಗ್ಯುಸನ್ 35 ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಮೇಲೆ ತಾಮ್ರದ ಬಣ್ಣ ಕಾಣಿಸಿಕೊಂಡಾಗ, ಅದು ಕಂಪನಿಯದೇ ಇರಬಹುದು ಎಂದು ಊರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.

ಹೈಡ್ರಾಲಿಕ್ ಲಿಫ್ಟಿನಿಂದ ಎಣ್ಣೆ ಸೋರುತ್ತಿತ್ತು. ಪ್ಯಾಕಿಂಗ್ ಬದಲಿಸಲೆಂದು ಮಿಸ್ತ್ರಿ ಬಂದ. ಎಷ್ಟೋ ವರ್ಷಗಳ ಗ್ರೀಸು, ಎರಿ ಮಣ್ಣು ಕೂಡಿ ಬೆರಳು ದಪ್ಪ ಗಟ್ಟಿಯಾಗಿದ್ದ ಕರಿ ಹೆಕ್ಕಳಿಕೆಯನ್ನು ಕೆರೆದ. ಅದರ ಅಡಿಯಲ್ಲಿ ಮಂಕು ತಾಮ್ರದ ಹೊಳಪು. ಮಿಸ್ತ್ರಿಗೆ ಆಶ್ಚರ್ಯ. ಊರಿನ ಪೇಂಟರ್ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದ: ‘ಯಾವನೋ ಜಾತ್ರ್ಯಾಗ ತೇರಿಗೆ ಹಚ್ಚಿ ಉಳದ ಬಣ್ಣಾ ಇದಕ್ಕ ಬಳದಾನ್ರಿ. ಮ್ಯಾಸಿಗೆ ಎಲ್ಲಿ ತಾಮ್ರದ ಬಣ್ಣಾ?’

ಇಷ್ಟೇ ಆಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಅದೇ ಸುಮಾರಿಗೆ ನಿಪ್ಪಾಣಿಯಿಂದ ಒಬ್ಬರು ಬಂದರು. ಹಳೆಯ ಟ್ರ್ಯಾಕ್ಟರ್ ಕೂಡಿಸಿಡುವ ಹವ್ಯಾಸದವರು. ಮಂಡಿಯೂರಿ ಕುಳಿತು ಆ ತಾಮ್ರವನ್ನು ಬಹಳ ಹೊತ್ತು ನೋಡಿದರು. ‘ಮಾಲಕರ, ಇದು ಕಂಪನಿ ಬಣ್ಣಾ ಆಗಿದ್ದರ ನಾ ಒಂದು ರೊಕ್ಕಾ ಕೊಡ್ತೀನಿ, ಯಾರರೇ ಬಳದದ್ದಾಗಿದ್ದರ ಬ್ಯಾರೇ ರೊಕ್ಕಾ. ಯಾವುದು ಅಂತ ತಿಳಕೊಂಡು ಹೇಳ್ರಿ’ ಎಂದು ಹೋದರು. ಕಾಕಾ ನನಗೆ ಫೋನ್ ಮಾಡಿದ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಭಾಗಗಳಿಗೆ ಬಣ್ಣ ಹೊಡೆಯುವ ವಿಭಾಗದಲ್ಲಿ ಬಹಳ ವರ್ಷ ದುಡಿದವನು. ‘ನೀ ಬಂದು ನೋಡಿ ಖರೇ ಹೇಳು ತಮ್ಮಾ. ಹೆಚ್ಚಿಗೀನೂ ಬ್ಯಾಡ, ಕಮ್ಮೀನೂ ಬ್ಯಾಡ’ ಎಂದ.

ಹೋಗುವ ಮೊದಲು ಇತಿಹಾಸವನ್ನು ಸರಿಯಾಗಿ ಜೋಡಿಸಿಕೊಂಡೆ. ಯಾವ ವರ್ಷ ಯಾವ ಬಣ್ಣ ಎಂಬುದು ತಲೆಯಲ್ಲಿ ಇಲ್ಲದಿದ್ದರೆ ಕಣ್ಣೆದುರಿನ ಪದರಕ್ಕೆ ಅರ್ಥವೇ ಬರುವುದಿಲ್ಲ. ಹ್ಯಾರಿ ಫರ್ಗ್ಯುಸನ್ ಅವರ ಹೆಸರಿನ ಟಿಇ–20 ಟ್ರ್ಯಾಕ್ಟರ್ 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಮೇಲೆ. ಇವತ್ತು ನಮ್ಮ ಎಲ್ಲ ಟ್ರ್ಯಾಕ್ಟರುಗಳ ಬೆನ್ನಿಗಿರುವ ಮೂರು ಕೊಂಡಿಯ ಹೈಡ್ರಾಲಿಕ್ ಲಿಫ್ಟನ್ನು ಹೊಲಹೊಲಕ್ಕೆ ಮುಟ್ಟಿಸಿದ್ದೇ ಅದು. ಅದರ ಮೈಯೆಲ್ಲ ಒಂದೇ ಬೂದು ಬಣ್ಣ, ಬಾನೆಟ್ಟೂ ಬೂದು, ಗೇರ್‌ಬಾಕ್ಸೂ ಬೂದು. 1953ರಲ್ಲಿ ಫರ್ಗ್ಯುಸನ್ ಕಂಪನಿ ಕೆನಡಾದ ಮ್ಯಾಸಿ–ಹ್ಯಾರಿಸ್ ಜೊತೆ ಕೂಡಿತು. ಮ್ಯಾಸಿ–ಹ್ಯಾರಿಸ್ ಟ್ರ್ಯಾಕ್ಟರುಗಳು ಮೊದಲಿನಿಂದ ಕೆಂಪು. ಕೂಡಿದ ಮೇಲೂ ಕೆಲವು ವರ್ಷ ಎರಡು ಹೆಸರು, ಎರಡು ಬಣ್ಣ ಬೇರೆಬೇರೆಯಾಗಿಯೇ ನಡೆದವು.

1956ರ ಕೊನೆಗೆ ಟಿಇ–20ರ ಜಾಗಕ್ಕೆ ಫರ್ಗ್ಯುಸನ್ 35 ಬಂತು. ಇದರ ತಗಡಿನ ಭಾಗ, ಅಂದರೆ ಬಾನೆಟ್, ಮಡ್‌ಗಾರ್ಡ್, ಬೂದು. ಎರಕದ ಭಾಗ, ಅಂದರೆ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಮಿರಿಮಿರಿ ಮಿನುಗುವ ತಾಮ್ರದ ಬಣ್ಣ. ಇಂಗ್ಲೆಂಡಿನಲ್ಲಿ ಇದನ್ನು ಹೊನ್ನಿನ ಹೊಟ್ಟೆಯ ಗಾಡಿ ಅಂತಲೇ ಕರೆಯುತ್ತಾರೆ. 1957ರ ಕೊನೆಯ ಹೊತ್ತಿಗೆ ಅದೇ 35ಕ್ಕೆ ಕೆಂಪು ತಗಡು, ಬೂದು ಎರಕ ಬಂತು. 1958ರಲ್ಲಿ ಕಂಪನಿಯ ಹೆಸರು ಮ್ಯಾಸಿ ಫರ್ಗ್ಯುಸನ್ ಆಯಿತು. 1960ರಲ್ಲಿ ಮದರಾಸಿನಲ್ಲಿ ಮ್ಯಾಸಿ ಟ್ರ್ಯಾಕ್ಟರುಗಳನ್ನು ಇಲ್ಲೇ ಮಾಡುವ ಟಾಫೆ ಕಂಪನಿ ಹುಟ್ಟಿ, ಆಮೇಲೆ ನಾವೆಲ್ಲ ನೋಡಿ ಬೆಳೆದ ಅದರ 1035 ಗಾಡಿ ಬಂದದ್ದು ಆ ಕೆಂಪು–ಬೂದು ಜೋಡಿಯಲ್ಲೇ. ಹಾಗಾಗಿ ಬೂದು–ತಾಮ್ರದ 35 ಅಂದರೆ ಸುಮಾರು ಒಂದೇ ವರ್ಷದ ಫಸಲು. ನಿಪ್ಪಾಣಿಯವರು ಮಂಡಿಯೂರಿ ಕೂತದ್ದು ಅದಕ್ಕೆ.

ಹೋದವನು ಮೊದಲು ಕಾಕಾನ ಮಗನ ಕೈಯಿಂದ ಪೈಪು ಇಸಿದುಕೊಂಡೆ. ನಾನು ಬರುತ್ತೇನೆಂದು ಅವನು ಗಾಡಿಯನ್ನು ಪ್ರೆಶರ್ ನೀರಿನಿಂದ ತೊಳೆಯಲು ಸಜ್ಜಾಗಿದ್ದ, ಪಕ್ಕದಲ್ಲಿ ಕಾಸ್ಟಿಕ್ ಸೋಡಾದ ಡಬ್ಬಿ ಬೇರೆ. ಹಳೆಯ ಎನಾಮೆಲ್ ಬಣ್ಣ ಎಣ್ಣೆಯ ಆಧಾರದ್ದು. ಕಾಸ್ಟಿಕ್ ತಾಗಿದರೆ ಆ ಎಣ್ಣೆ ಸಾಬೂನಾಗಿ ಬಣ್ಣವೇ ಕಳಚಿಕೊಂಡು ಹೋಗುತ್ತದೆ. ಹಳೆಯ ಗಾಡಿಯ ಮೇಲಿನ ಗ್ರೀಸು–ಮಣ್ಣಿನ ಹೆಕ್ಕಳಿಕೆಯನ್ನು ನಾನು ಕೊಳೆ ಎಂದು ನೋಡುವುದಿಲ್ಲ. ಬಿಸಿಲು, ಮಳೆ, ಯೂರಿಯಾ, ಬ್ರಷ್ಷು ಯಾವುದೂ ಮುಟ್ಟದ ಹಾಗೆ ಮೊದಲ ಬಣ್ಣವನ್ನು ಕಾಪಾಡಿಕೊಂಡು ಬಂದಿರುವುದು ಅದೇ. ಅದನ್ನು ಡೀಸೆಲ್ ಸವರಿ, ನೆನೆಯಲು ಬಿಟ್ಟು, ಬಿದಿರಿನ ಚಕ್ಕೆಯಿಂದ ಬಿಡಿಸಿದೆವು. ಕಬ್ಬಿಣದ ಪಟ್ಟಿ ಬಳಸಲಿಲ್ಲ. ಕೆಲಸ ನಿಧಾನ. ಕಾಕಾನ ಮಗ ಮೊದಲು ಗೊಣಗಿದ, ಆಮೇಲೆ ಅವನಿಗೇ ರುಚಿ ಹತ್ತಿತು.

ಇನ್ನೊಂದು ಮಾತು ಮೊದಲೇ ಹೇಳಬೇಕು. ಆ ಕಾಲದ ಪ್ರೈಮರ್‌ಗಳಲ್ಲಿ (ಬಣ್ಣದ ಅಡಿಗೆ ಹೊಡೆಯುವ ಮೊದಲ ಪದರ), ಬಣ್ಣಗಳಲ್ಲಿ ಸೀಸ ಇರುತ್ತಿದ್ದದ್ದು ಸಾಮಾನ್ಯ. ಒಣ ಕಾಗದದಿಂದ ತಿಕ್ಕಿದರೆ ಆ ಪುಡಿ ಮೂಗಿಗೆ ಹೋಗುತ್ತದೆ. ತಿಕ್ಕಿದ್ದೆಲ್ಲ ನೀರು ಹಾಕಿಯೇ, ಮಾಸ್ಕ್ ಕಟ್ಟಿಕೊಂಡೇ. ಮಕ್ಕಳನ್ನು ಹತ್ತಿರ ಬಿಡಲಿಲ್ಲ. ತೊಳೆದ ನೀರು ದನದ ಬಾನಿಯ ಕಡೆಗೆ ಹರಿಯದ ಹಾಗೆ ಬುಟ್ಟಿ ಇಟ್ಟು ಹಿಡಿದೆವು.

ಪೇಂಟರ್ ನಮಗಿಂತ ಮೊದಲೇ ತನ್ನ ಪರೀಕ್ಷೆ ಮಾಡಿ ಮುಗಿಸಿದ್ದ. ಎಂಜಿನ್ ಬ್ಲಾಕಿನ ಮೇಲೆ ಒಂದು ಕಡೆ ಕಬ್ಬಿಣ ಕಾಣುವ ತನಕ ಕೆರೆದು, ‘ನೋಡ್ರಿ, ಮ್ಯಾಲ ಕರಿ, ಅದರ ತೆಳಗ ಬೂದಿ, ಅದರ ತೆಳಗ ಕಬ್ಬಣ. ತಾಮ್ರ ಎಲ್ಲೈತಿ? ಕಂಪನಿ ಹೊಡದಿದ್ದರ ಎಂಜಿನ್ನಿಗೂ ಹೊಡೀತಿತ್ತೋ ಇಲ್ಲೋ?’ ಎಂದು ಕೇಳಿದ. ಪ್ರಶ್ನೆ ಸರಿಯಾದದ್ದೇ. ಕಂಪನಿ ತಾಮ್ರ ಹೊಡೆದಿದ್ದರೆ ಎಂಜಿನ್ನಿಗೂ ಹೊಡೆದಿರಲೇಬೇಕು. ಉತ್ತರ ಬಣ್ಣದಲ್ಲಿ ಇರಲಿಲ್ಲ, ಎಂಜಿನ್ನಿನಲ್ಲಿತ್ತು. ಇಂಜೆಕ್ಟರುಗಳನ್ನು ಎಣಿಸಿದೆ: ಮೂರು, ಅಂದರೆ ಮೂರು ಸಿಲಿಂಡರು. ಮೊದಲ ಡೀಸೆಲ್ ಫರ್ಗ್ಯುಸನ್ 35ಗಳಿಗೆ ಇದ್ದದ್ದು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ 23ಸಿ ಎಂಜಿನ್. ಪರ್ಕಿನ್ಸ್‌ನ ಮೂರು ಸಿಲಿಂಡರಿನ ಎಂಜಿನ್ 35ಕ್ಕೆ ಬಂದದ್ದು 1959ರ ಸುಮಾರಿಗೆ, ಬಣ್ಣ ಕೆಂಪಾದ ಮೇಲೆ. ಪರ್ಕಿನ್ಸ್ ಮಾದರಿಯ ಎಂಜಿನ್ನುಗಳನ್ನು ಮದರಾಸಿನ ಸಿಂಪ್ಸನ್ ಕಂಪನಿ ಇಲ್ಲೇ ಮಾಡುತ್ತಿದ್ದುದರಿಂದ ಬಿಡಿಭಾಗ ಸಿಗುವುದೂ ಸುಲಭವಾಯಿತು.

ಎಂಜಿನ್ ಯಾವಾಗಾದರೂ ಬದಲಿಸಿದ್ದರೇ ಎಂದು ಕಾಕಾನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಹೌದಪಾ, ಮೊದಲಿನ ಎಂಜಿನ್ನು ಥಂಡ್ಯಾಗ ಚಾಲೂ ಆಗಾಕ ಭಾಳ ಕಾಡತಿತ್ತು. ಅಜ್ಜ ಅದನ್ನ ಯಾವಾಗಲೂ ಇಳಿಜಾರಕ್ಕ ನಿಂದರಸ್ತಿದ್ದ. ನಾ ಸಾಲಿ ಬಿಡೂದರಾಗ ಅದನ್ನ ತಗಸಿ ಬ್ಯಾರೇ ಕೂಡಿಸಿದ್ರು’ ಎಂದ. ಸ್ಟ್ಯಾಂಡರ್ಡ್ 23ಸಿ ಚಳಿಯಲ್ಲಿ ಸತಾಯಿಸುವ ಎಂಜಿನ್ ಎಂದೇ ಹೆಸರಾದದ್ದು. ಇಂಗ್ಲೆಂಡಿನ ಹಿಮದಲ್ಲಿ ಸತಾಯಿಸಿದ್ದು ನಮ್ಮ ಡಿಸೆಂಬರಿನಲ್ಲೂ ಸತಾಯಿಸಿದೆ. ನಾಲ್ಕು ಸಿಲಿಂಡರಿನ ಜಾಗಕ್ಕೆ ಮೂರು ಸಿಲಿಂಡರಿನದು ಕೂರಿಸುವಾಗ ಮುಂದಿನ ಆಕ್ಸಲ್ ಹಿಡಿಯುವ ಎರಕದ ಭಾಗವನ್ನೂ ಬದಲಿಸಿದ್ದರು. ಅದರ ಮೇಲೂ ತಾಮ್ರ ಇಲ್ಲ. ಎಂಜಿನ್ ಗೇರ್‌ಬಾಕ್ಸಿಗೆ ಕೂಡುವ ಸಂದಿನಲ್ಲಿ ಬೆರಳಿಟ್ಟು ಪೇಂಟರ್‌ಗೆ ತೋರಿಸಿದೆ: ಇಲ್ಲಿಂದ ಮುಂದಕ್ಕೆ ಬರೀ ಬೂದು, ಇಲ್ಲಿಂದ ಹಿಂದಕ್ಕೆ ತಾಮ್ರ. ಅವನು ಬಗ್ಗಿ ನೋಡಿ ತಲೆಯಾಡಿಸಿದ. ಒಳ್ಳೆಯ ಕೆಲಸಗಾರ ಅವನು, ಕಣ್ಣಿಗೆ ಕಂಡದ್ದನ್ನು ತಕ್ಷಣ ಒಪ್ಪಿಕೊಂಡ. ಅವತ್ತಿನಿಂದ ನನ್ನ ಜೊತೆ ಅವನೂ ಕೂತ.

ಆದರೂ ಗೇರ್‌ಬಾಕ್ಸಿನ ತಾಮ್ರ ಕಂಪನಿಯದೇ ಎಂದು ಇನ್ನೂ ಸಿದ್ಧವಾಗಿರಲಿಲ್ಲ. ಅಲ್ಲಿ ನಾನು ನೋಡಿದ್ದು ಬೋಲ್ಟುಗಳನ್ನು. ಕಾರ್ಖಾನೆಯಲ್ಲಿ ಗೇರ್‌ಬಾಕ್ಸ್, ಆಕ್ಸಲ್, ಲಿಫ್ಟ್ ಎಲ್ಲ ಕೂಡಿಸಿ ಬಿಗಿದ ಮೇಲೆ ಒಟ್ಟಿಗೇ ಬಣ್ಣ ಹೊಡೆದಿದ್ದರೆ ಬೋಲ್ಟಿನ ತಲೆಯ ಮೇಲೂ ಅದೇ ಬಣ್ಣ ಇರುತ್ತದೆ, ಬೋಲ್ಟಿನ ತಲೆಯ ಅಡಿಗೆ ಬರೀ ಲೋಹ ಇರುತ್ತದೆ, ಎರಡು ಭಾಗಗಳ ನಡುವೆ ಹೊರಕ್ಕೆ ಇಣುಕುವ ಪ್ಯಾಕಿಂಗ್ ಕಾಗದದ ಅಂಚಿಗೂ ಬಣ್ಣ ಹತ್ತಿರುತ್ತದೆ. ಬಿಚ್ಚಿ ಕೂಡಿಸಿದವರು ಬಣ್ಣ ಹೊಡೆದಿದ್ದರೆ ಈ ಮೂರರಲ್ಲಿ ಒಂದಾದರೂ ತಪ್ಪುತ್ತದೆ. ಲಿಫ್ಟಿನ ಮುಚ್ಚಳವನ್ನು ಮಿಸ್ತ್ರಿ ಆಗಲೇ ಬಿಚ್ಚಿದ್ದ, ಅದು ಸಾಕ್ಷಿಗೆ ಬರುವುದಿಲ್ಲ. ಹಿಂದಿನ ಆಕ್ಸಲ್ಲಿನ ಎಡಗಡೆಯ ತುತ್ತೂರಿ, ಅಂದರೆ ತುತ್ತೂರಿಯಾಕಾರದ ಎರಕದ ಕವಚ, ಗೇರ್‌ಬಾಕ್ಸಿಗೆ ಸೇರುವ ಜಾಗ ಮಾತ್ರ ಹುಟ್ಟಿದಾಗಿನಿಂದ ಬಿಚ್ಚಿದ್ದಲ್ಲ ಎಂದು ಕಾಕಾ ಖಚಿತವಾಗಿ ಹೇಳಿದ. ಅಲ್ಲಿ ಕೆಳಮೈಯ ಹೆಕ್ಕಳಿಕೆ ಬಿಡಿಸಿದೆವು. ತಾಮ್ರದ ಪದರ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸಂದಿನ ಮೇಲೆ ಹಾದು ಅಖಂಡವಾಗಿ ಹೋಗಿತ್ತು. ಪ್ಯಾಕಿಂಗ್ ಅಂಚಿನ ಮೇಲೂ ಇತ್ತು. ಅಲ್ಲಿಯ ಒಂದು ಬೋಲ್ಟನ್ನು ತಿರುಗಿಸಿದಾಗ ಬಣ್ಣ ಚಿಟ್ಟೆಂದು ಸೀಳಿತು, ವಾಷರ್ ಅಡಿಯಲ್ಲಿ ಹೊಳೆಯುವ ಬರೀ ಕಬ್ಬಿಣ. ಆ ಸದ್ದು ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಆ ಬೋಲ್ಟನ್ನು ಅಷ್ಟು ಬಿಗಿದು ಬಣ್ಣ ಮುಚ್ಚಿದವನ ಕೈ ಬಿಟ್ಟರೆ ಆಮೇಲೆ ಅಲ್ಲಿಗೆ ಮತ್ತೆ ಯಾರದೂ ತಲುಪಿರಲಿಲ್ಲ.

ಭೂತಗನ್ನಡಿ ಹಿಡಿದು ನೋಡಿದೆ. ತಾಮ್ರದ ಪದರದಲ್ಲಿ ಸಣ್ಣ ಸಣ್ಣ ಲೋಹದ ಕಣಗಳು ಒಂದೇ ಸಮನೆ ಮಲಗಿದ್ದವು, ಬ್ರಷ್ಷಿನ ಗೆರೆ ಒಂದೂ ಇಲ್ಲ. ತೇರಿಗೆ ಹಚ್ಚುವ ಬಣ್ಣವನ್ನು ಗುಂಜಿನಿಂದ ಬಳಿದಿದ್ದರೆ ಕಣಗಳು ಬಳಿದ ದಿಕ್ಕಿಗೆ ಸಾಲುಗಟ್ಟುತ್ತವೆ. ಟಾರ್ಚನ್ನು ಅಡ್ಡ ಹಿಡಿದು ನೋಡಿದರೆ ಎರಕದ ಒರಟು ಮೈಯ ತಗ್ಗುಗಳ ಒಳಗೂ ಬಣ್ಣ ತೆಳ್ಳಗೆ ಹೋಗಿ ಕೂತಿತ್ತು. ಇದು ಸ್ಪ್ರೇಯಿಂದಷ್ಟೇ ಆಗುವ ಕೆಲಸ. ಪೇಂಟರ್ ತಾನಾಗಿಯೇ ಹೇಳಿದ: ‘ಇದು ತೇರಿನ ಬಣ್ಣಾ ಅಲ್ರಿ.’

ಕಷ್ಟದ ಪ್ರಶ್ನೆ ಇನ್ನೂ ಮುಂದಿತ್ತು. ಅದು ಬಾನೆಟ್. ಮೇಲೆ ಹೊಳೆಯುವ ಕೆಂಪು, ಐದಾರು ವರ್ಷದ ಹಿಂದೆ ಹೊಡೆಸಿದ್ದು. ಎರಕ ತಾಮ್ರದ್ದಾಗಿದ್ದರೆ ತಗಡು ಮೊದಲು ಬೂದು ಇರಲೇಬೇಕು. ಬಾನೆಟ್ಟಿನ ಮೂಲೆಯೊಂದರಲ್ಲಿ ನಾಣ್ಯದಷ್ಟಗಲ ಜಾಗ ಆರಿಸಿ, ನೀರು ಹಾಕುತ್ತ, ಮೊದಲು 400 ನಂಬರಿನ ಪಾಲಿಶ್ ಪೇಪರ್, ಆಮೇಲೆ 800, ಕೊನೆಗೆ 1200 ತೆಗೆದುಕೊಂಡು ಬಟ್ಟಲಿನಾಕಾರಕ್ಕೆ ತಿಕ್ಕಿದೆ. ಹೀಗೆ ಇಳಿಜಾರಾಗಿ ತಿಕ್ಕಿದರೆ ಪ್ರತಿ ಪದರವೂ ಒಂದೊಂದು ಉಂಗುರವಾಗಿ ತೆರೆದುಕೊಳ್ಳುತ್ತದೆ. ಹೊರಗಿನ ಉಂಗುರ ದಪ್ಪ ಕೆಂಪು. ಹತ್ತಿಗೆ ಥಿನ್ನರ್ ಹಚ್ಚಿ ಉಜ್ಜಿದರೂ ಅದು ಜಗ್ಗಲಿಲ್ಲ, ಅಂದರೆ ಇತ್ತೀಚಿನ ಹಾರ್ಡನರ್ ಕೂಡಿಸಿ ಹೊಡೆಯುವ ಬಣ್ಣ. ಅದರ ಒಳಗೆ ಹಳದಿ ಪುಟ್ಟಿಯ ಸಣ್ಣ ತೇಪೆ. ಅದರ ಒಳಗೆ ಇನ್ನೊಂದು ಕೆಂಪು, ಬಿಸಿಲಿಗೆ ಬೆಳ್ಳಗಾಗಿ ಗುಲಾಬಿಗೆ ತಿರುಗಿದ್ದು. ಇದು ಥಿನ್ನರಿಗೆ ತಕ್ಷಣ ಕರಗಿ ಹತ್ತಿಗೆ ಬಂತು. ಒಂದು ಕಾಲದಲ್ಲಿ ಎಲ್ಲ ಗ್ಯಾರೇಜಿನವರೂ ಹೊಡೆಯುತ್ತಿದ್ದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ. ಅದರೊಳಗೆ ಬೂದು. ನಡುವೆ ತಗಡಿನ ಹೊಳಪು.

ಕಾಕಾನ ಮಗ ಖುಷಿಯಿಂದ ಕೂಗಿದ. ಪೇಂಟರ್ ಮಾತ್ರ ಬಹಳ ಒಳ್ಳೆಯ ಅಡ್ಡಮಾತು ಎತ್ತಿದ. ‘ಅಣ್ಣಾರ, ಪ್ರೈಮರ್ ಸೈತ ಬೂದಿ ಇರತೈತಲ್ರಿ. ಕೆಂಪು ಹೊಡ್ಯೂ ಮೊದಲ ಹೊಡದ ಪ್ರೈಮರ್ ಇದು ಯಾಕ ಆಗಿರಬಾರದು?’

ಈ ಕೆಲಸದ ಜೀವವೇ ಈ ಪ್ರಶ್ನೆ. ಎಷ್ಟೋ ಜನ ಕೆಂಪಿನ ಕೆಳಗೆ ಬೂದು ಕಂಡ ತಕ್ಷಣ ಬೂದು ಗಾಡಿ ಎಂದು ಸಾರಿಬಿಡುತ್ತಾರೆ. ಬಣ್ಣ ಯಾವುದು ಎಂದು ಕೇಳಿದರೆ ಇಲ್ಲಿ ಉತ್ತರ ಸಿಗುವುದಿಲ್ಲ. ಆ ಪದರ ಬಿಸಿಲು ಕಂಡಿದೆಯೇ, ದುಡಿದಿದೆಯೇ ಎಂದು ಕೇಳಬೇಕು. ಪ್ರೈಮರ್ ಹೊಡೆದವನು ಒಂದೆರಡು ದಿನದಲ್ಲಿ ಅದರ ಮೇಲೆ ಬಣ್ಣ ಹೊಡೆದು ಮುಚ್ಚುತ್ತಾನೆ. ಪ್ರೈಮರಿಗೂ ಮೇಲಿನ ಬಣ್ಣಕ್ಕೂ ನಡುವೆ ಏನೂ ಇರುವುದಿಲ್ಲ, ಎರಡೂ ಕಚ್ಚಿಕೊಂಡಿರುತ್ತವೆ. ಮೇಲಿನ ಬಣ್ಣವಾಗಿ ವರ್ಷಗಟ್ಟಲೆ ಹೊಲದಲ್ಲಿ ನಿಂತ ಪದರದ ಮೇಲೆ ಧೂಳು, ಡೀಸೆಲ್ಲಿನ ಮಸಿ, ಗೀರು ಇರುತ್ತವೆ. ಎರಡನೆಯವನು ತಿಕ್ಕಿ ತೊಳೆದು ಬಣ್ಣ ಹೊಡೆದರೂ ಮಡಿಕೆಗಳಲ್ಲಿ, ಬೋಲ್ಟಿನ ಸುತ್ತ ಅದು ಉಳಿದೇ ಉಳಿಯುತ್ತದೆ.

ಹಾಗಾಗಿ ಬಾನೆಟ್ಟಿನ ನಡುಮೈ ಬಿಟ್ಟು ಅದರ ಮೂತಿಯ ಕಡೆಗೆ ಹೋದೆವು. ಮುಂದಿನ ಬಿಲ್ಲೆ ಕೂಡುವ ಜಾಗದ ಮೇಲೆ ತಗಡು ಮಡಿಚಿದ ಒಂದು ಸಂದು ಇದೆ, ಕಾಗದ ಹಿಡಿದ ಕೈ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ಕೆಂಪು ಚಕ್ಕೆಚಕ್ಕೆಯಾಗಿ ಸುಲಭವಾಗಿ ಎದ್ದು ಬಂತು. ಎದ್ದ ಚಕ್ಕೆಯನ್ನು ಮಗುಚಿ ಬಿಳಿ ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಕೆಂಪಿನ ಬೆನ್ನಿಗೆ ಕರಿ ಎಣ್ಣೆಯ ತೆಳು ಗೆರೆ. ಆ ಕರಿಯ ಒಳಗೆ ಬೆಳ್ಳನೆಯ ನುಣುಪು ಪುಡಿ, ಕೆಲವು ಕಡೆ ಹಳದಿಯ ಚುಕ್ಕೆ. ಪೇಂಟರ್ ಅದನ್ನು ಬೆರಳ ತುದಿಗೆ ಹಚ್ಚಿಕೊಂಡು ಉಜ್ಜಿದ. ಆಮೇಲೆ ಕಾಕಾನ ಮುಂದೆ ಹಿಡಿದ. ಕಾಕಾ ನೋಡಿದವನೇ, ‘ಅದು ಈಬತ್ತಿನೋ’ ಎಂದ.

ವಿಭೂತಿ. ಹಳದಿ ಚುಕ್ಕೆ ಅರಿಷಿಣ. ಖಂಡೇ ಪೂಜೆಯ (ಆಯುಧ ಪೂಜೆಯ) ದಿನ ಟ್ರ್ಯಾಕ್ಟರಿನ ಮೂತಿಗೆ ಮೂರು ಬೆರಳ ವಿಭೂತಿ ಎಳೆದು, ಅರಿಷಿಣ ಹಚ್ಚಿ, ಕಾಯಿ ಒಡೆಯುವುದು ಈ ಮನೆಯಲ್ಲಿ ಈಗಲೂ ಇದೆ. ಆ ವಿಭೂತಿ ಬೂದು ಪದರದ ಮೇಲೆ ಕೂತು, ಅದರ ಮೇಲೆ ಮೊದಲ ಕೆಂಪು ಬಂದು ಮುಚ್ಚಿದೆ. ಪ್ರೈಮರಿನಲ್ಲಿ ನಿಂತ ಗಾಡಿಗೆ ಯಾರೂ ವರ್ಷಗಟ್ಟಲೆ ಪೂಜೆ ಮಾಡುವುದಿಲ್ಲ. ಆ ಬೂದು ಬಣ್ಣ ಈ ಮನೆಯ ಅಂಗಳದಲ್ಲಿ ಹಬ್ಬ ಕಂಡಿದೆ. ನಾನು ಉದ್ಯಮಬಾಗದಲ್ಲಿ ಬಣ್ಣದ ದಪ್ಪ ಅಳೆಯುವ ಮೀಟರು, ಅಂಟು ಪರೀಕ್ಷೆಯ ಪಟ್ಟಿ ಏನೇನೋ ಹಿಡಿದು ಕೆಲಸ ಮಾಡಿದವನು. ಇದಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ನಾನು ಎಲ್ಲೂ ನೋಡಿಲ್ಲ.

ಆದರೆ ಇದರಿಂದ ಬೂದು ಹಳೆಯದು, ಕೆಂಪಿಗಿಂತ ಮೊದಲಿನದು, ಮೇಲಿನ ಬಣ್ಣವಾಗಿಯೇ ಇದ್ದದ್ದು ಎಂದಷ್ಟೇ ಸಿದ್ಧವಾಯಿತು. ಕಂಪನಿಯೇ ಹೊಡೆದದ್ದು ಎನ್ನಲು ಬಾನೆಟ್ಟಿನ ಒಳಮೈಗೆ ಹೋಗಬೇಕಾಯಿತು. ಮೀಟರು ತಂದಿದ್ದೆ. ಬಾನೆಟ್ಟಿನ ಮೇಲ್ಮೈಯಲ್ಲಿ ಅದು 300 ಮೈಕ್ರಾನ್ ದಾಟಿತು, ಪುಟ್ಟಿ ಇದ್ದಲ್ಲಿ ಇನ್ನೂ ಮೇಲೆ. ಒಳಮೈಯಲ್ಲಿ 60ರಿಂದ 70ರ ನಡುವೆ ಸಮನಾಗಿ ನಿಂತಿತು. ಅಲ್ಲಿ ಬರೀ ಬೂದು, ಅಂಚಿನಲ್ಲಿ ಮಾತ್ರ ಹೊರಗಿನಿಂದ ಹಾರಿದ ಕೆಂಪಿನ ಮಂಜು. ಡ್ಯಾಶ್‌ಬೋರ್ಡಿನ ಬೆನ್ನಿಗೆ, ಡೀಸೆಲ್ ಟ್ಯಾಂಕು ಕೂರುವ ಪಟ್ಟಿಯ ಅಡಿಗೆ, ಬ್ಯಾಟರಿ ತಟ್ಟೆಯ ಮರೆಗೆ ಅದೇ ಬೂದು, ಅದೇ ತೆಳು. ಊರಲ್ಲಿ ಮತ್ತೆ ಬಣ್ಣ ಹೊಡೆಸುವವರು ಟ್ಯಾಂಕು ಇಳಿಸಿ, ಡ್ಯಾಶ್‌ಬೋರ್ಡು ಬಿಚ್ಚಿ, ಅದರ ಬೆನ್ನಿಗೂ ಹೊಡೆಸುವುದಿಲ್ಲ. ಬಿಡಿ ತಗಡಿಗೆ ಎರಡೂ ಕಡೆ ಹೊಡೆದು ಆಮೇಲೆ ಕೂಡಿಸುವುದು ಕಾರ್ಖಾನೆಯ ಕ್ರಮ.

ಬೂದುಗಳನ್ನು ಒಂದಕ್ಕೊಂದು ಹೋಲಿಸಿದ್ದೆಲ್ಲ ಬೆಳಗಿನ ನೆರಳಿನಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ನಮ್ಮ ಕಡೆ ಎಲ್ಲ ಬೂದೂ ಬೆಳ್ಳಗೆ ಕಾಣುತ್ತದೆ, ಟ್ಯೂಬ್‌ಲೈಟಿನಲ್ಲಿ ನೀಲಿಗೆ ತಿರುಗುತ್ತದೆ. ನಿಪ್ಪಾಣಿಯವರು ಮೊಬೈಲಿನಲ್ಲಿ ಇಂಗ್ಲೆಂಡಿನ ಗಾಡಿಯ ಚಿತ್ರ ಕಳಿಸಿ ಹೊಂದುತ್ತದೆಯೇ ನೋಡಿ ಎಂದಿದ್ದರು. ಚಿತ್ರದ ಬಣ್ಣಕ್ಕೆ ಗಾಡಿಯ ಬಣ್ಣ ಹೋಲಿಸಿ ತೀರ್ಮಾನ ಹೇಳಬಾರದು. ಬ್ಯಾಟರಿ ತಟ್ಟೆಯ ಮರೆಯ ಬೂದನ್ನು ಬಾನೆಟ್ಟಿನ ಒಳಗಿನ ಬೂದಿಗೆ ಹೋಲಿಸಿದರೆ ಅರ್ಥ ಇದೆ, ಅಷ್ಟನ್ನೇ ಮಾಡಿದೆ.

ಮಡ್‌ಗಾರ್ಡುಗಳು ಬೇಗ ಮುಗಿದವು. ಬಲಗಡೆಯದು ಆಕ್ಸಲ್ಲಿಗೆ ಕೂಡುವ ಮಡಿಕೆಯೊಳಗೆ ಬೂದು ಸಿಕ್ಕಿತು. ಎಡಗಡೆಯದರಲ್ಲಿ ಎಲ್ಲಿ ತಿಕ್ಕಿದರೂ ಕೆಂಪು, ಅದರಡಿ ರೆಡ್ ಆಕ್ಸೈಡ್ ಪ್ರೈಮರ್, ಅದರಡಿ ತಗಡು. ಒಳಮೈಯೂ ಹಾಗೇ. ಅಂಚಿನ ಮಡಿಕೆ ಬಲಗಡೆಯದಕ್ಕಿಂತ ಬೇರೆ ಥರ. ಅದು ಬೇರೆ ಗಾಡಿಯಿಂದ ಬಂದದ್ದು. ಕಬ್ಬಿನ ಟ್ರೇಲರ್ ತಾಗಿ ಹಳೆಯದು ಮುದುಡಿತ್ತು ಎಂದು ಕಾಕಾಗೆ ನೆನಪಿತ್ತು. ಗಾಲಿಯ ರಿಮ್ಮುಗಳೂ ಬದಲಾದವೇ, ಅವುಗಳ ಬಣ್ಣದಿಂದ ಈ ಗಾಡಿಯ ಬಗ್ಗೆ ಏನೂ ಹೇಳಲು ಬರುವುದಿಲ್ಲ.

ಕಾಗದಪತ್ರದಲ್ಲಿ ಒಂದು ತೊಡಕಿತ್ತು. ನೋಂದಣಿ ಪುಸ್ತಕದಲ್ಲಿ ಬಿಜಾಪುರ ಎಂದಿದೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅದು ತೊಡಕಲ್ಲ. ನೋಂದಣಿಯ ವರ್ಷ 1958. ಆ ಹೊತ್ತಿಗೆ ಕಂಪನಿಯ ಬಣ್ಣ ಕೆಂಪಾಗಿತ್ತಲ್ಲ ಎಂದು ನಿಪ್ಪಾಣಿಯವರು ಫೋನಿನಲ್ಲಿ ಕೇಳಿದರು. ನೋಂದಣಿಯಾದದ್ದು ಗಾಡಿ ಹುಟ್ಟಿದ ದಿನವಲ್ಲ. ಕೊವೆಂಟ್ರಿಯಿಂದ ಹಡಗು ಹತ್ತಿ ಮುಂಬಯಿಗೆ ಬಂದು, ವ್ಯಾಪಾರಿಯ ಗೋದಾಮಿನಲ್ಲಿ ನಿಂತು, ರೈಲಿನಲ್ಲಿ ಕುಡಚಿ ಸ್ಟೇಶನ್ನಿಗೆ ಇಳಿದು, ಅಲ್ಲಿಂದ ಹಾರೂಗೇರಿ ದಾರಿಯಲ್ಲಿ ಅಜ್ಜನೇ ಓಡಿಸಿಕೊಂಡು ಬಂದದ್ದು ಇದು. ಡ್ಯಾಶ್‌ಬೋರ್ಡಿನ ಮೇಲಿನ ಪಟ್ಟಿಯ ನಂಬರು 1957ರದು. ಪಟ್ಟಿಯನ್ನು ಕಿತ್ತು ಬೇರೆ ಗಾಡಿಗೆ ಹೊಡೆಯುವುದು ಸಾಧ್ಯ, ಆದ್ದರಿಂದ ಅದರ ರಿವೆಟ್ಟುಗಳನ್ನೂ ನೋಡಿದೆ. ರಿವೆಟ್ಟಿನ ತಲೆಯ ಸುತ್ತ ಹಳೆಯ ಕೆಂಪು ಹಾಗೆಯೇ ಗಟ್ಟಿಯಾಗಿತ್ತು, ಪಟ್ಟಿಯ ಅಂಚಿನ ಕೆಳಗೆ ಬೂದು ಇಣುಕುತ್ತಿತ್ತು. ಪಟ್ಟಿಯನ್ನು ಕೀಳಲಿಲ್ಲ, ಯಾರೂ ಕೀಳಲೂ ಬಾರದು.

ಗೇರ್‌ಬಾಕ್ಸಿನ ಎರಕದ ಮೇಲೆ ಉಬ್ಬು ಅಕ್ಷರದಲ್ಲಿ ತಾರೀಕಿನ ಗುರುತಿತ್ತು, ಕೊನೆಯ ಅಂಕಿ 7. ಎರಕದವರ ನಡುವೆ ಬೆಳೆದವನಿಗೆ ಇದು ಮನೆಯ ಮಾತು: ಅಚ್ಚಿನಲ್ಲಿ ತಾರೀಕು ಮೂಡಿದ ಭಾಗ ಆಮೇಲೆ ಸಾಣೆ, ಕೊರೆತ, ಜೋಡಣೆ ಎಲ್ಲ ದಾಟಿ ಗಾಡಿಯಾಗುತ್ತದೆ. ಎರಕದ ತಾರೀಕು ಪಟ್ಟಿಯ ವರ್ಷಕ್ಕಿಂತ ಆಮೇಲಿನದಾಗಿದ್ದರೆ ಆ ಭಾಗ ಬೇರೆ ಗಾಡಿಯದು. ಇಲ್ಲಿ ಎರಡೂ ಕೂಡಿ ಬಂದವು.

ಗೋಡೆಯ ಮೇಲಿನ ಫೋಟೋ ನನ್ನ ಮನಸ್ಸಿಗೆ ಕೊನೆಗೆ ಬಂತು. ಗಾಡಿ ಹೊಸದಾಗಿ ಬಂದಾಗ ಅಜ್ಜ ರುಮಾಲು ಸುತ್ತಿ ಅದರ ಪಕ್ಕ ನಿಂತದ್ದು, ಕಪ್ಪು ಬಿಳುಪಿನದು. ಅದರಲ್ಲಿ ಬಾನೆಟ್ ತಿಳಿ, ಗೇರ್‌ಬಾಕ್ಸ್ ಅದಕ್ಕಿಂತ ಎಷ್ಟೋ ಕಪ್ಪು. ಹಳೆಯ ಫಿಲ್ಮುಗಳಲ್ಲಿ ಕೆಲವು ಕೆಂಪನ್ನು ಕಪ್ಪಾಗಿ ತೋರಿಸುತ್ತವೆ, ಕೆಲವು ನಡುವಿನ ಬೂದಾಗಿ. ಯಾವ ಫಿಲ್ಮಾದರೂ ಕೆಂಪು ಬಾನೆಟ್ ಬೂದು ಗೇರ್‌ಬಾಕ್ಸಿಗಿಂತ ಇಷ್ಟು ತಿಳಿಯಾಗಿ ಕಾಣುವುದು ಬಹಳ ಕಷ್ಟ. ಫೋಟೋ ಒಂದನ್ನೇ ನಂಬಿ ನಾನು ಮಾತಾಡುತ್ತಿರಲಿಲ್ಲ, ಉಳಿದೆಲ್ಲದರ ಜೊತೆ ಅದು ಚೆನ್ನಾಗಿ ಹೊಂದಿತು. ಬಾನೆಟ್ಟಿನ ಮೂತಿಗೆ ಮೂರು ಬಿಳಿ ಗೆರೆ ಎಳೆದದ್ದು ಅದರಲ್ಲೂ ಕಾಣುತ್ತದೆ.

ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಕಾಕಾನ ಕೈಗೆ ಕೊಟ್ಟೆ. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಲಿಫ್ಟ್: ಕಂಪನಿಯ ತಾಮ್ರ. ಬಾನೆಟ್, ಡ್ಯಾಶ್‌ಬೋರ್ಡ್, ಬಲ ಮಡ್‌ಗಾರ್ಡ್: ಎರಡು ಕೆಂಪಿನ ಕೆಳಗೆ ಕಂಪನಿಯ ಬೂದು. ಎಂಜಿನ್, ಮುಂದಿನ ಆಕ್ಸಲ್ಲಿನ ಹಿಡಿಕೆ, ಎಡ ಮಡ್‌ಗಾರ್ಡ್, ರಿಮ್ಮುಗಳು: ಆಮೇಲೆ ಬಂದವು. ಅರ್ಧ ಗಾಡಿ ಕಂಪನಿಯದು ಎಂದು ಬರೆದದ್ದಕ್ಕೆ ಕಾಕಾನ ಮಗನಿಗೆ ಬೇಸರ. ಪೂರ್ತಿ ಎಂದು ಬರೆದಿದ್ದರೆ ರೊಕ್ಕ ಹೆಚ್ಚು ಬರುತ್ತಿತ್ತು ಎಂಬುದು ನಿಜವೇ. ಕಾಕಾ ಕಾಗದವನ್ನು ಎರಡು ಸಲ ಓದಿಸಿಕೊಂಡು ಕೇಳಿ, ನೋಂದಣಿ ಪುಸ್ತಕದ ಒಳಗೆ ಇಟ್ಟ.

ನಿಪ್ಪಾಣಿಯವರು ಬಂದು ಓದಿ, ನಾಣ್ಯದಗಲದ ಗುರುತುಗಳನ್ನು ಒಂದೊಂದಾಗಿ ನೋಡಿ, ಕೆಂಪನ್ನೆಲ್ಲ ತೆಗೆಸಿ ಹೊಸ ಬೂದು ಹೊಡೆಸಿ ಕೊಡುತ್ತೀರಾ ಎಂದು ಕೇಳಿದರು. ಹೊಸ ಬೂದು ಬೇಡ ಎಂದೆ. ಅಡಿಯ ಬೂದು ಗಟ್ಟಿಯಾಗಿದೆ, ಅದನ್ನೇ ಹೊರಗೆ ತರಬಹುದು. ಬಲ ಮಡ್‌ಗಾರ್ಡಿನ ಒಂದು ಅಂಗೈಯಗಲದಲ್ಲಿ ಮಾಡಿ ತೋರಿಸಿದೆವು. ಮೇಲಿನ ಗಟ್ಟಿ ಕೆಂಪನ್ನು ನೀರು ಕಾಗದದಿಂದ ಇಳಿಸಿ, ಒಳಗಿನ ಎನ್‌ಸಿ ಕೆಂಪು ಬಂದ ತಕ್ಷಣ ಕಾಗದ ಕೆಳಗಿಟ್ಟು ಥಿನ್ನರಿನ ಹತ್ತಿಯಿಂದ ಒರೆಸುವುದು. ಎನ್‌ಸಿ ಕರಗಿ ಬರುತ್ತದೆ. ಕೆಳಗಿನ ಹಳೆಯ ಎನಾಮೆಲ್ ಅಷ್ಟು ಬೇಗ ಕರಗುವುದಿಲ್ಲ. ಹತ್ತಿಯನ್ನು ಒಂದೇ ಕಡೆ ನಿಲ್ಲಿಸದೆ ಕೈ ಆಡಿಸುತ್ತಿದ್ದರೆ ಅದು ಉಳಿಯುತ್ತದೆ. ಬೂದು ಗೀರುಗಳ ಸಮೇತ ಹೊರಗೆ ಬಂತು. ಅವರು ಅದರ ಮೇಲೆ ಬೆರಳಾಡಿಸಿ, ‘ಹಿಂಗೇ ಇರಲಿ’ ಎಂದರು.

ಮಾರಾಟದ ಮಾತು ಇನ್ನೂ ನಡೆದಿದೆ. ಕಾಕಾ ಈ ವರ್ಷದ ಖಂಡೇ ಪೂಜೆ ಮುಗಿಯುವ ತನಕ ಗಾಡಿ ಅಂಗಳ ಬಿಡುವುದಿಲ್ಲ ಎಂದಿದ್ದಾನೆ. ಪೇಂಟರ್ ಬಾನೆಟ್ಟಿನ ಕೆಲಸ ಹಿಡಿದಿದ್ದಾನೆ, ಬೆಳಗಿನ ಹೊತ್ತು ಮಾತ್ರ, ಹತ್ತಿಯಿಂದ. ಆ ಹಳೆಯ ಸ್ಟ್ಯಾಂಡರ್ಡ್ ಎಂಜಿನ್ನನ್ನು ತೆಗೆದ ಗ್ಯಾರೇಜಿನವರ ಮಗ ಮುಧೋಳದಲ್ಲಿ ಇದ್ದಾನೆ, ಗೋದಾಮಿನ ಹಿಂದೆ ತಾಮ್ರದ ಬಣ್ಣದ ಬ್ಲಾಕು ಏನಾದರೂ ಬಿದ್ದಿದೆಯೋ ನೋಡಿ ಹೇಳುತ್ತೇನೆ ಎಂದಿದ್ದಾನೆ.